ಮೂರ್ಛೆರೋಗವೂ ನರಕೋಶಗಳ ಅಭ್ಯಾಸಬಲವೂ

ತರಗತಿಯಲ್ಲಿ ಪಾಠ ನಡೆದಿರುವಾಗ ಹುಡುಗನೊಬ್ಬನು ಇದ್ದಕ್ಕಿದ್ದಂತೆ ಚೀರಿ ಬೆಂಚಿನಿಂದ ಕೆಳಕ್ಕುರುಳುತ್ತಾನೆ. ಕೈಕಾಲುಗಳು ಮೊದಲು ಸೆಟೆದು, ಬಳಿಕ ಒಂದೇ ಸಮನೆ ಅದುರತೊಡಗುತ್ತವೆ. ಬಾಯಲ್ಲಿ ನೊರೆ ಕಾಣಿಸುತ್ತದೆ. ಒಬ್ಬರು ಬೀಗದ ಕೈಗೊಂಚಲನ್ನು ತಂದು ಅವನ ಅಂಗೈಯಲ್ಲಿ ತುರುಕುತ್ತಾರೆ. ಇನ್ನೊಬ್ಬರು ಹಲ್ಲುಗಳ ನಡುವೆ ಚಮಚವನ್ನಿಡಲು ಹವಣಿಸುತ್ತಾರೆ. ಮತ್ತೊಬ್ಬರು ಈರುಳ್ಳಿಯನ್ನು ಹೆಚ್ಚಿ ಮೂಗಿಗೆ ಹಿಡಿಯುತ್ತಾರೆ. ಒಂದೆರಡು ನಿಮಿಷಗಳಲ್ಲಿ ಅದುರುವಿಕೆ ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ. ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ.

ಮರುದಿನದಿಂದ ಆ ಹುಡುಗನ ಪಕ್ಕದ ಜಾಗ ಬರಿದಾಗಿರುತ್ತದೆ. ಬಿದ್ದವಳು ಹುಡುಗಿಯಾದರಂತೂ ಮನೆಯವರು ಸಂಗತಿಯನ್ನೇ ಮುಚ್ಚಿಡುತ್ತಾರೆ. ಮದುವೆಯ ಮಾತು ಬಂದಾಗ ಗುಳಿಗೆಗಳೂ ಪೆಟ್ಟಿಗೆಯ ತಳ ಸೇರುತ್ತವೆ. ನಮ್ಮ ದೇಶದ ಶಾಸನವೂ ಕೆಲಕಾಲ ಈ ಭಯಕ್ಕೆ ಬೆಂಬಲವಾಗಿ ನಿಂತಿತ್ತು. ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ಆದ ತಿದ್ದುಪಡಿಯು ಮರುಕಳಿಸುವ ಅಪಸ್ಮಾರವನ್ನು ಹುಚ್ಚಿನ ಜೊತೆಯಲ್ಲಿಯೇ ಹೆಸರಿಸಿ ಮದುವೆಗೆ ಅಡ್ಡಿಯೆಂದು ಎಣಿಸಿತು. ಆ ಪದವನ್ನು ತೆಗೆದುಹಾಕಿದ್ದು ೧೯೯೯ರಲ್ಲಿ. ಕಾಯಿದೆಯಿಂದ ಹೋದ ಪದ ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಈ ರೋಗವನ್ನು ಗ್ರಹಚಾರವೆಂದೂ ಗಾಳಿಯ ಸೋಂಕೆಂದೂ ತಿಳಿಯುವವರನ್ನು ಕಂಡು ಓದುಬರಹ ಬಲ್ಲ ನಾವು ನಗುತ್ತೇವೆ. ಆದರೆ ನಮ್ಮ ತಿಳಿವಳಿಕೆಯಾದರೂ ಎಷ್ಟು ನೇರವಾಗಿದೆ? 'ಮಿದುಳಿನಲ್ಲಿ ವಿದ್ಯುತ್ತು ಷಾರ್ಟ್ ಆಗುತ್ತದೆ' ಎಂದು ಹೇಳಿ ನಾವು ಮಾತು ಮುಗಿಸುತ್ತೇವೆ. ಇದು ಅರ್ಧ ಸತ್ಯ. ಷಾರ್ಟ್ ಆದ ತಂತಿಗೆ ನೆನಪೆಂಬುದಿಲ್ಲ; ಫ್ಯೂಸನ್ನು ಬದಲಾಯಿಸಿದರೆ ಅದು ಮೊದಲಿನಂತೆಯೇ ನಡೆಯುತ್ತದೆ. ಅಪಸ್ಮಾರಕ್ಕೆ ಗುರಿಯಾದ ಮಿದುಳು ಹಾಗಲ್ಲ. ಅದರ ನರಕೋಶಗಳು ತಮ್ಮ ಪೊರೆಯನ್ನೂ, ಪೊರೆಯಲ್ಲಿನ ಪ್ರೋಟೀನುಗಳನ್ನೂ, ತಮ್ಮ ತಮ್ಮ ನಡುವಣ ಸಂಬಂಧಗಳನ್ನೂ ಮಾರ್ಪಡಿಸಿಕೊಂಡಿರುತ್ತವೆ. ಸೆಳವು ಬಂದಿರುವ ಎರಡು ನಿಮಿಷಗಳಲ್ಲಿ ಮಾತ್ರವಲ್ಲ, ರೋಗಿಯು ನಗುನಗುತ್ತ ಓಡಾಡಿಕೊಂಡಿರುವ ಉಳಿದೆಲ್ಲ ದಿನಗಳಲ್ಲಿಯೂ ಆ ಮಾರ್ಪಾಡು ಅಲ್ಲಿಯೇ ಇರುತ್ತದೆ. ಅಪಸ್ಮಾರವೆಂಬುದು ಮಿದುಳು ಕಲಿತುಕೊಂಡ ಒಂದು ಕೆಟ್ಟ ಅಭ್ಯಾಸ ಎಂಬುದೇ ನಮ್ಮ ಪಕ್ಷ. ಇದನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಪಾಠ ಕಲಿಯಲು ನೆರವಾಗುವ ಅಣುಗಳೇ ಈ ರೋಗವನ್ನು ಕಟ್ಟುವುದರಲ್ಲಿಯೂ ಕೈಯಿಕ್ಕುತ್ತವೆ ಎಂಬ ಅಕ್ಷರಾರ್ಥದಲ್ಲಿಯೇ ಹೇಳುತ್ತಿದ್ದೇವೆ.

ಒಂದು ಸೆಳವು ಬಂದ ಮಾತ್ರಕ್ಕೆ ಅದು ಅಪಸ್ಮಾರವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ರಕ್ತದಲ್ಲಿ ಸಕ್ಕರೆ ತೀರ ತಗ್ಗಿದರೆ ಯಾರಿಗಾದರೂ ಸೆಳವು ಬರಬಹುದು. ಕೆಲವು ಎಳೆಯ ಮಕ್ಕಳಿಗೆ ಜ್ವರ ಏರಿದಾಗ ಬರುತ್ತದೆ. ಅಂಥ ಯಾವ ತಾತ್ಕಾಲಿಕ ಕಾರಣವೂ ಇಲ್ಲದೆ ಮತ್ತೆ ಮತ್ತೆ ಸೆಳವಿಗೆ ಒಳಗಾಗುವ ಪ್ರವೃತ್ತಿ ಮಿದುಳಿನಲ್ಲಿ ನೆಲೆಯಾದರೆ ಮಾತ್ರ ಅದು ಅಪಸ್ಮಾರ. ಜಗತ್ತಿನಲ್ಲಿ ಸುಮಾರು ೫ ಕೋಟಿ ಜನರಿಗೆ ಈ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ಪ್ರವೃತ್ತಿ ನೆಲೆಯಾಗುವ ಬಗೆಯನ್ನು ಅರಿಯಲು ನರಕೋಶದ ನಿತ್ಯವ್ಯವಹಾರವನ್ನು ತುಸು ನೋಡಬೇಕಾಗುತ್ತದೆ. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣ ವಿಭವದಲ್ಲಿರುತ್ತದೆ. ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು, ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು. ಪೊರೆಯಲ್ಲಿರುವ ಪ್ರೋಟೀನಿನ ದ್ವಾರಗಳು ತೆರೆದಾಗ ಸೋಡಿಯಂ ಒಳನುಗ್ಗುತ್ತದೆ, ಮರುಕ್ಷಣದಲ್ಲಿಯೇ ಪೊಟ್ಯಾಸಿಯಂ ಹೊರಹರಿಯುತ್ತದೆ. ಕೋಶವು ಒಮ್ಮೆ ಮಿಡಿಯುತ್ತದೆ. ಕಣವೆ ಮೀನಿನ ದಪ್ಪ ನರತಂತುವಿನಲ್ಲಿ ಈ ವ್ಯಾಪಾರವನ್ನು ಅಳೆದು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲಿಷ್ ವಿಜ್ಞಾನಿಗಳು ೧೯೫೨ರಲ್ಲಿ ಗಣಿತದ ಸೂತ್ರಗಳಲ್ಲಿ ಬರೆದಿಟ್ಟರು. ೧೯೬೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಒಂದು ಕೋಶವು ತನ್ನ ನೆರೆಯ ಕೋಶದೊಡನೆ ಮಾತನಾಡುವುದು ರಾಸಾಯನಿಕಗಳ ಮೂಲಕ. ಮಿದುಳಿನಲ್ಲಿ ಮುಖ್ಯವಾದುವು ಎರಡು. ಗ್ಲುಟಮೇಟ್ 'ಮಿಡಿ' ಎನ್ನುತ್ತದೆ. ಗಾಬಾ 'ತಡೆ' ಎನ್ನುತ್ತದೆ. ಅಪಸ್ಮಾರವೆಂದರೆ ಗ್ಲುಟಮೇಟ್ ಹೆಚ್ಚುವುದು, ಇಲ್ಲವೆ ಗಾಬಾ ತಗ್ಗುವುದು ಎಂದು ಪಠ್ಯಪುಸ್ತಕಗಳು ತಕ್ಕಡಿಯ ಚಿತ್ರ ಬರೆದು ತೋರಿಸುತ್ತವೆ. ತಕ್ಕಡಿಯ ಉಪಮಾನ ನಮಗೆ ಅಷ್ಟಾಗಿ ಹಿಡಿಸದು. ತಕ್ಕಡಿಯಲ್ಲಿ ತೂಕದ ಬಟ್ಟು ಎಂದೂ ಬಟ್ಟೇ ಆಗಿರುತ್ತದೆ. ಮಿದುಳಿನಲ್ಲಿ 'ತಡೆ' ಎಂಬ ಮಾತಿನ ಅರ್ಥವೇ ಕೆಲವೊಮ್ಮೆ 'ಮಿಡಿ' ಎಂದಾಗಿಬಿಡುತ್ತದೆ. ಅದನ್ನು ಮುಂದೆ ನೋಡುವೆವು.

ಅಪಸ್ಮಾರವು ಕಲಿಕೆಯಂಥದು ಎಂಬ ಯೋಚನೆಗೆ ಆಧಾರವೊದಗಿಸಿದ್ದು ಒಂದು ಆಕಸ್ಮಿಕ. ಕೆನಡಾ ದೇಶದಲ್ಲಿ ಗ್ರಹಾಮ್ ಗಾಡ್ಡರ್ಡ್ ಎಂಬ ಮನಶ್ಶಾಸ್ತ್ರಜ್ಞನು ಇಲಿಗಳ ಕಲಿಕೆಯ ವಿಷಯದಲ್ಲಿ ಪ್ರಯೋಗ ಮಾಡುತ್ತಿದ್ದನು. ಮಿದುಳಿನೊಳಗಿನ ಅಮಿಗ್ಡಲವೆಂಬ ಬಾದಾಮಿಯಾಕಾರದ ಭಾಗಕ್ಕೆ ಸಣ್ಣ ತಂತಿಯನ್ನಿಳಿಸಿ, ದಿನಕ್ಕೊಮ್ಮೆ ಅತ್ಯಲ್ಪ ವಿದ್ಯುತ್ತನ್ನು ಹಾಯಿಸುವುದು ಅವನ ಕ್ರಮ. ಮೊದಲ ದಿನಗಳಲ್ಲಿ ಇಲಿಗೆ ಅದರ ಪರಿವೆಯೇ ಇದ್ದಂತೆ ತೋರಲಿಲ್ಲ. ಕೆಲವು ದಿನ ಕಳೆಯುವುದರೊಳಗೆ ಅದೇ ಅಲ್ಪ ವಿದ್ಯುತ್ತಿಗೆ ಮುಖದ ಸ್ನಾಯುಗಳು ಅದುರತೊಡಗಿದುವು. ಇನ್ನೂ ಕೆಲವು ದಿನಗಳಲ್ಲಿ ಇಲಿ ಪೂರ್ಣ ಸೆಳವಿಗೆ ಒಳಗಾಯಿತು. ಹಾಯಿಸಿದ ವಿದ್ಯುತ್ತು ಎಳ್ಳಷ್ಟೂ ಹೆಚ್ಚಿರಲಿಲ್ಲ, ಮಿದುಳೇ ಬದಲಾಗಿತ್ತು. ಪ್ರಯೋಗವನ್ನು ವಾರಗಟ್ಟಲೆ ನಿಲ್ಲಿಸಿ ಮತ್ತೆ ಆರಂಭಿಸಿದರೂ ಇಲಿ ಕಲಿತದ್ದನ್ನು ಮರೆತಿರಲಿಲ್ಲ. ಗಾಡ್ಡರ್ಡನು ೧೯೬೭ರಲ್ಲಿ ಇದನ್ನು ಪ್ರಕಟಿಸಿದನು. ಸಣ್ಣ ಪುಳ್ಳೆಗಳಿಂದ ಆರಂಭವಾಗಿ ಒಲೆ ಹೊತ್ತಿಕೊಳ್ಳುವಂತೆ ಇದು ನಡೆಯುವುದರಿಂದ ಇದಕ್ಕೆ 'ಕಿಂಡ್ಲಿಂಗ್' ಎಂಬ ಹೆಸರು ಬಂದಿತು. ನಾವು 'ಹೊತ್ತಿಸುವಿಕೆ' ಎನ್ನಬಹುದು.

ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸೀತು. ದಿನಕ್ಕೊಮ್ಮೆಯಂತೆ ವಿದ್ಯುತ್ತು ಕೊಟ್ಟರೆ ಇಲಿ ಬೇಗ 'ಕಲಿಯುತ್ತದೆ'. ಕೆಲವೇ ನಿಮಿಷಗಳ ಅಂತರದಲ್ಲಿ ಒಂದರ ಮೇಲೊಂದು ಕೊಟ್ಟರೆ ಕಲಿಕೆ ಸಾಗದು ಎಂದು ಗಾಡ್ಡರ್ಡನೂ ಸಂಗಡಿಗರೂ ೧೯೬೯ರಲ್ಲಿ ತಿಳಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕವನ್ನು ಉರುಹೊಡೆದವನಿಗೂ, ನಿತ್ಯ ಒಂದೊಂದು ಪುಟ ಓದಿದವನಿಗೂ ಇರುವ ವ್ಯತ್ಯಾಸ ಇದೇ ಅಲ್ಲವೆ?

ಕಲಿಕೆಯೂ ಅಪಸ್ಮಾರವೂ ಒಂದೇ ಮನೆಯಲ್ಲಿ ವಾಸಿಸುತ್ತವೆ ಎಂಬುದು ಇದಕ್ಕೂ ಮುಂಚೆ ಬಹು ದಾರುಣವಾದ ರೀತಿಯಲ್ಲಿ ತಿಳಿದುಬಂದಿತ್ತು. ೧೯೫೩ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯನು, ಔಷಧಿಗೆ ಬಗ್ಗದ ಅಪಸ್ಮಾರದಿಂದ ನರಳುತ್ತಿದ್ದ ೨೭ ವರ್ಷದ ಹೆನ್ರಿ ಮೊಲೈಸನ್ ಎಂಬುವನ ಮಿದುಳಿನ ಎರಡೂ ಪಕ್ಕದ ಟೆಂಪೊರಲ್ ಹಾಲೆಗಳ ಒಳಭಾಗವನ್ನು ತೆಗೆದನು. ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹೆಚ್ಚಿನಂಶ ಅದರಲ್ಲಿ ಹೋಯಿತು. ಸೆಳವುಗಳು ಬಹಳ ಮಟ್ಟಿಗೆ ತಗ್ಗಿದುವು. ಆದರೆ ೨೦೦೮ರಲ್ಲಿ ತೀರಿಕೊಳ್ಳುವವರೆಗೆ, ೫೫ ವರ್ಷಗಳ ಕಾಲ, ಆತನಿಗೆ ನಿನ್ನೆ ಕಂಡವರು ಇಂದು ಅಪರಿಚಿತರಾಗಿಯೇ ಉಳಿದರು. ರೋಗ ಬೇರೂರಿದ್ದ ತಾಣವೇ ಹೊಸ ನೆನಪುಗಳು ರೂಪುಗೊಳ್ಳುವ ತಾಣವೂ ಆಗಿತ್ತು. ಇಪ್ಪತ್ತು ವರ್ಷಗಳ ನಂತರ, ೧೯೭೩ರಲ್ಲಿ, ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು ಮೊಲದ ಹಿಪ್ಪೊಕ್ಯಾಂಪಸ್ಸಿನಲ್ಲಿ, ಬಿರುಸಾದ ವಿದ್ಯುತ್ ಮಿಡಿತಗಳ ಬಳಿಕ ನರಕೋಶಗಳ ನಡುವಣ ಸಂಬಂಧ ಗಂಟೆಗಟ್ಟಲೆ ಬಲವಾಗಿಯೇ ಉಳಿಯುವುದನ್ನು ತೋರಿಸಿದರು. ನೆನಪಿನ ಅಣುಮೂಲವನ್ನು ಅರಸುವವರಿಗೆಲ್ಲ ಇದು ಹೆದ್ದಾರಿಯಾಯಿತು. ಈ ಬಲವರ್ಧನೆಗೆ ಬೇಕಾದ ಎನ್.ಎಂ.ಡಿ.ಎ. ಎಂಬ ಗ್ರಾಹಕ ಪ್ರೋಟೀನನ್ನು ಔಷಧಿಯಿಂದ ತಡೆದರೆ ಇಲಿಗಳಲ್ಲಿ ಹೊತ್ತಿಸುವಿಕೆಯೂ ನಿಧಾನವಾಗುತ್ತದೆ.

ಹಾಗಾದರೆ ಕೋಶದಲ್ಲಿ ಬದಲಾಗುವುದೇನು? ಹಲವು ಸಂಗತಿಗಳು ಬದಲಾಗುತ್ತವೆ. ಅವುಗಳಲ್ಲಿ ಕ್ಲೋರೈಡಿನ ಕಥೆ ನಮಗೆ ಅತ್ಯಂತ ಬೋಧಪ್ರದವಾಗಿ ತೋರುತ್ತದೆ.

ಗಾಬಾ 'ತಡೆ' ಎನ್ನುವುದು ಹೇಗೆ? ಅದು ಗ್ರಾಹಕ ಪ್ರೋಟೀನಿಗೆ ಅಂಟಿದೊಡನೆ ಕ್ಲೋರೈಡ್ ಅಯಾನಿನ ದ್ವಾರ ತೆರೆಯುತ್ತದೆ. ಕೋಶದೊಳಗೆ ಕ್ಲೋರೈಡ್ ಕಡಮೆಯಿರುವುದರಿಂದ ಹೊರಗಿನ ಕ್ಲೋರೈಡ್ ಒಳಕ್ಕೆ ಹರಿಯುತ್ತದೆ. ಅದು ಋಣ ಅಯಾನು; ಒಳಭಾಗ ಮತ್ತಷ್ಟು ಋಣವಾಗಿ, ಕೋಶ ಮಿಡಿಯುವುದು ಕಷ್ಟವಾಗುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಒಳಗೆ ಕ್ಲೋರೈಡ್ ಕಡಮೆಯಿದೆ ಎಂಬ ಒಂದೇ ಆಧಾರದ ಮೇಲೆ. ಅದನ್ನು ಕಡಮೆಯಿಡುವುದು ಕೆ.ಸಿ.ಸಿ.-೨ ಎಂಬ ಪ್ರೋಟೀನು; ಪೊಟ್ಯಾಸಿಯಂ ಹೊರಹೋಗುವಾಗ ಅದರೊಡನೆ ಕ್ಲೋರೈಡನ್ನೂ ಹೊರಗೆ ಸಾಗಿಸುವುದು ಇದರ ಕೆಲಸ. ತಳದಲ್ಲಿ ನೀರು ಒಸರುವ ದೋಣಿಯಲ್ಲಿ ಒಬ್ಬನು ಬಿಡುವಿಲ್ಲದೆ ನೀರನ್ನು ಮೊಗೆದು ಚೆಲ್ಲುತ್ತಿರುವಂತೆ.

ಹುಟ್ಟುವ ಮುನ್ನ ಈ ಮೊಗೆಯುವವನು ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಎಳೆಯ ಕೋಶದಲ್ಲಿ ಎನ್.ಕೆ.ಸಿ.ಸಿ.-೧ ಎಂಬ ಬೇರೊಂದು ಪ್ರೋಟೀನು ಕ್ಲೋರೈಡನ್ನು ಒಳಗೇ ತುಂಬಿರುತ್ತದೆ. ಆಗ ಗಾಬಾ ದ್ವಾರವನ್ನು ತೆರೆದರೆ ಕ್ಲೋರೈಡ್ ಹೊರಕ್ಕೇ ಹರಿಯುತ್ತದೆ. 'ತಡೆ' ಎಂಬ ಮಾತು 'ಮಿಡಿ' ಎಂದು ಕೇಳಿಸುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ಬೇಕು. ನರಜಾಲ ಕಟ್ಟಿಕೊಳ್ಳುವುದಕ್ಕೆ ಅದು ಸಹಾಯಕ. ಬೆಳವಣಿಗೆಯೊಡನೆ ಕೆ.ಸಿ.ಸಿ.-೨ ಹೆಚ್ಚಿದಂತೆ ಗಾಬಾ ತಡೆಯುವ ಕೆಲಸಕ್ಕೆ ತಿರುಗುತ್ತದೆಯೆಂದು ೧೯೯೯ರಲ್ಲಿ ಸ್ಪಷ್ಟವಾಯಿತು.

ಮುಂದಿನದನ್ನು ಗಮನಿಸಿರಿ. ಪ್ಯಾರಿಸ್ ನಗರದಲ್ಲಿ ರಿಚರ್ಡ್ ಮೈಲ್ಸ್ ಮತ್ತು ಅವರ ಸಹೋದ್ಯೋಗಿಗಳು, ಅಪಸ್ಮಾರದ ಚಿಕಿತ್ಸೆಗಾಗಿ ಶಸ್ತ್ರಕ್ರಿಯೆಯಲ್ಲಿ ತೆಗೆದ ಮಿದುಳಿನ ತುಣುಕುಗಳನ್ನು ತೆಳುವಾಗಿ ಹೋಳುಮಾಡಿ ಲವಣದ್ರಾವಣದಲ್ಲಿ ಜೀವಂತವಾಗಿರಿಸಿದರು. ರೋಗಿಯ ತಲೆಯಿಂದ ಹೊರಬಂದ ಮೇಲೆಯೂ ಆ ಹೋಳುಗಳು ತಾವಾಗಿ ಲಯಬದ್ಧವಾಗಿ ಮಿಡಿಯುತ್ತಿದ್ದುವು. ಹಿಪ್ಪೊಕ್ಯಾಂಪಸ್ಸಿಗೆ ಹೊಂದಿಕೊಂಡಿರುವ ಸುಬಿಕ್ಯುಲಂ ಎಂಬೆಡೆಯಲ್ಲಿ ಕೆಲವು ಕೋಶಗಳು ಗಾಬಾ ತಗುಲಿದಾಗ ಸುಮ್ಮನಾಗುವ ಬದಲು ಕೆರಳುತ್ತಿದ್ದುದನ್ನು ಅವರು ೨೦೦೨ರಲ್ಲಿ ವರದಿ ಮಾಡಿದರು. ಆ ಕೋಶಗಳಲ್ಲಿ ಕೆ.ಸಿ.ಸಿ.-೨ ಇಲ್ಲದಿರುವುದನ್ನು ೨೦೦೭ರಲ್ಲಿ ಕಂಡುಕೊಂಡರು. ಪ್ರೌಢ ಮಿದುಳಿನ ಕೋಶಗಳು ಹುಟ್ಟುವ ಮುನ್ನಿನ ಸ್ಥಿತಿಗೆ ಮರಳಿದ್ದುವು! ಇದು ಸುಟ್ಟುಹೋದ ತಂತಿಯ ವರ್ತನೆಯಲ್ಲ. ಹಿಂದೊಮ್ಮೆ ಬಲ್ಲ ವಿದ್ಯೆಯನ್ನು ಅಕಾಲದಲ್ಲಿ ಮತ್ತೆ ಕೈಗೆತ್ತಿಕೊಂಡ ಕೋಶದ ವರ್ತನೆ.

ಅದನ್ನು ಕೈಗೆತ್ತಿಕೊಳ್ಳುವಂತೆ ಹೇಳುವವರಾರು? ಬಿ.ಡಿ.ಎನ್.ಎಫ್. ಎಂಬ ಪ್ರೋಟೀನಿನ ಮೇಲೆ ಬಲವಾದ ಅನುಮಾನವಿದೆ. ನರಕೋಶಗಳು ಚುರುಕಾಗಿ ಮಿಡಿದಾಗ ಹೊರಬೀಳುವ, ಅವುಗಳನ್ನು ಪೋಷಿಸುವ, ಕಲಿಕೆಯಲ್ಲಿ ಸಂಬಂಧಗಳನ್ನು ಬಲಪಡಿಸುವ ಅಣು ಇದು. ಇದೇ ಅಣು ಟ್ರ್ಯಾಕ್-ಬಿ ಎಂಬ ತನ್ನ ಗ್ರಾಹಕದ ಮೂಲಕ ಕೆ.ಸಿ.ಸಿ.-೨ನ್ನು ತಗ್ಗಿಸುತ್ತದೆಂದು ಹೊತ್ತಿಸುವಿಕೆಗೆ ಒಳಪಡಿಸಿದ ಪ್ರಾಣಿಗಳಲ್ಲಿ ೨೦೦೨ರಲ್ಲಿ ಕಂಡುಬಂದಿತು. ಪಾಠ ಕಲಿಸುವ ಮೇಷ್ಟರೇ ಕೇಡನ್ನೂ ಕಲಿಸಿದಂತಾಯಿತು.

ಈ ಕಥೆಯಿಂದ ಕೂಡಲೇ ಔಷಧಿ ಹುಟ್ಟಿತೆಂದು ವಾಚಕರು ಭಾವಿಸಬಾರದು. ಎನ್.ಕೆ.ಸಿ.ಸಿ.-೧ನ್ನು ತಡೆಯುವ ಬ್ಯುಮೆಟನೈಡ್ ಎಂಬ ಮೂತ್ರವರ್ಧಕ ಔಷಧಿ ಆಗಲೇ ಬಳಕೆಯಲ್ಲಿತ್ತು. ಪ್ಯಾರಿಸ್ಸಿನ ಹೋಳುಗಳಲ್ಲಿ ಅದು ಮಿಡಿತವನ್ನು ತಗ್ಗಿಸಿತು. ಸೆಳವಿನಿಂದ ನರಳುವ ನವಜಾತ ಶಿಶುಗಳಿಗೆ ಕೊಟ್ಟು ನೋಡಿದಾಗ ನಿರೀಕ್ಷಿಸಿದ ಫಲ ಕಾಣಲಿಲ್ಲ. ಮೇಲಾಗಿ ಕೆಲವು ಶಿಶುಗಳಲ್ಲಿ ಶ್ರವಣದೋಷ ಕಂಡುಬಂದು ಆ ಯೂರೋಪಿಯನ್ ಪ್ರಯೋಗವನ್ನು ಮಧ್ಯದಲ್ಲಿಯೇ ನಿಲ್ಲಿಸಬೇಕಾಯಿತು. ವರದಿ ೨೦೧೫ರಲ್ಲಿ ಪ್ರಕಟವಾಯಿತು. ಗಾಜಿನ ಬಟ್ಟಲಿನಿಂದ ತೊಟ್ಟಿಲಿಗೆ ಇರುವ ದೂರವನ್ನು ಅವಸರದ ಲೇಖಕರು ಮರೆಯುತ್ತಾರೆ.

ಉಳಿದ ಬದಲಾವಣೆಗಳಲ್ಲಿ ಒಂದೆರಡನ್ನು ಮಾತ್ರ ಹೇಳುವೆವು. ನರಕೋಶದ ಕವಲುಗಳಲ್ಲಿ ಒಂದು ಬಗೆಯ ಪೊಟ್ಯಾಸಿಯಂ ದ್ವಾರಗಳಿವೆ. ಹೊರಗಿನಿಂದ ಬರುವ ಸುದ್ದಿಯ ಅಬ್ಬರವನ್ನು ತಗ್ಗಿಸುವುದು ಅವುಗಳ ಕೆಲಸ. ಅಪಸ್ಮಾರ ಬರಿಸಿದ ಇಲಿಗಳಲ್ಲಿ ಈ ದ್ವಾರಗಳು ಎರಡು ದಾರಿಗಳಲ್ಲಿ ಕುಂದಿರುವುದು ೨೦೦೪ರಲ್ಲಿ ತಿಳಿಯಿತು. ಜೀನಿನಿಂದ ಹೊಸ ದ್ವಾರಗಳು ತಯಾರಾಗುವುದು ಕಡಮೆಯಾಗಿತ್ತು. ಇದ್ದ ದ್ವಾರಗಳಿಗೂ ಫಾಸ್ಫೇಟಿನ ತುಣುಕು ಅಂಟಿಕೊಂಡು ಅವು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಫಾಸ್ಫೇಟನ್ನು ಅಂಟಿಸುವ ಕಿಣ್ವವನ್ನು ತಡೆದಾಗ ಅವು ಒಂದಿಷ್ಟು ಚೇತರಿಸಿಕೊಂಡುವು. ಎಳೆಯ ಇಲಿಗಳಲ್ಲಿ ಜ್ವರದಂಥ ತಾಪದಿಂದ ಒಮ್ಮೆ ಉಂಟಾದ ದೀರ್ಘ ಸೆಳವು ಕೂಡ ಹಿಪ್ಪೊಕ್ಯಾಂಪಸ್ಸಿನ ಕೆಲವು ದ್ವಾರಗಳ ಗುಣವನ್ನು ಬಹುಕಾಲ ಮಾರ್ಪಡಿಸುತ್ತದೆಂದು ೨೦೦೧ರ ವರದಿಯೊಂದು ತಿಳಿಸಿತು. ಇನ್ನು ನರತಂತುಗಳು ಹೊಸದಾಗಿ ಚಿಗುರಿ ತಪ್ಪುದಾರಿ ಹಿಡಿಯುವ ವಿಷಯ. ಪುಸ್ತಕಗಳಲ್ಲಿ ಇದರ ಚಿತ್ರಗಳು ಬಹಳ ಸೊಗಸಾಗಿರುತ್ತವೆ. ಆದರೆ ಈ ಚಿಗುರನ್ನು ಔಷಧಿಯಿಂದ ತಡೆದರೂ ಸೆಳವುಗಳು ತಗ್ಗಲಿಲ್ಲವೆಂದು ೨೦೧೧ರಲ್ಲಿ ಸಣ್ಣಿಲಿಗಳ ಮೇಲಣ ಪ್ರಯೋಗವೊಂದು ತೋರಿಸಿತು. ಕಣ್ಣಿಗೆ ಎದ್ದು ಕಾಣುವ ಬದಲಾವಣೆಯೇ ಕಾರಣವಾಗಿರಬೇಕೆಂಬ ನಿಯಮವಿಲ್ಲ.

ಕೋಶಗಳು ಹೀಗೇಕೆ ಮಾಡಿಕೊಳ್ಳುತ್ತವೆ? ಇಲ್ಲಿ ನಮ್ಮದೂ ಒಂದು ಊಹೆಯ ಅಂಶವಿದೆಯೆಂದು ಒಪ್ಪಿಕೊಂಡೇ ಬರೆಯುತ್ತೇವೆ. ಅಮೆರಿಕದ ಜೀನಾ ಟರಿಜಿಯಾನೊ ಮತ್ತು ಸಹೋದ್ಯೋಗಿಗಳು ೧೯೯೮ರಲ್ಲಿ, ಬಟ್ಟಲಿನಲ್ಲಿ ಬೆಳೆಸಿದ ನರಕೋಶಗಳ ಮಿಡಿತವನ್ನು ಎರಡು ದಿನ ಪೂರ್ತಿ ಅಡಗಿಸಿಟ್ಟರು. ಕೋಶಗಳು ತಮ್ಮ ಕಿವಿಯನ್ನು ಇನ್ನಷ್ಟು ಸೂಕ್ಷ್ಮ ಮಾಡಿಕೊಂಡುವು. ತಡೆಯನ್ನು ತೆಗೆದು ಮಿಡಿತವನ್ನು ಹೆಚ್ಚಿಸಿದಾಗ ಮಂದ ಮಾಡಿಕೊಂಡುವು. ಎಂದಮೇಲೆ, ಪ್ರತಿಯೊಂದು ನರಕೋಶಕ್ಕೂ ತಾನು ಸರಾಸರಿ ಎಷ್ಟು ಮಿಡಿಯಬೇಕೆಂಬ ಒಂದು ಲೆಕ್ಕವಿದೆ; ಅದು ತಪ್ಪಿದರೆ ಸರಿಪಡಿಸಿಕೊಳ್ಳುತ್ತದೆ. ತಲೆಗೆ ಪೆಟ್ಟುಬಿದ್ದು ನೆರೆಯ ಕೋಶಗಳು ಸತ್ತು, ಸುದ್ದಿ ಬರುವುದು ನಿಂತುಹೋದಾಗ, ಉಳಿದ ಕೋಶವು ತನ್ನ ಲೆಕ್ಕವನ್ನು ಸರಿದೂಗಿಸಲು ಹೋಗಿ ಅತಿಸೂಕ್ಷ್ಮವಾಗಿಬಿಟ್ಟರೆ? ಅಪಸ್ಮಾರಕ್ಕೆ ಈ ಹೊಂದಾಣಿಕೆಯೂ ಒಂದು ಕಾರಣವಿರಬಹುದೆಂದು ಹಲವರ ಮತ. ಹಾಗಿದ್ದರೆ ಇದು ಕೋಶದ ದೋಷವಲ್ಲ, ತನ್ನ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡ ಕೋಶಗಳು ಗುಂಪಾಗಿ ಎಸಗಿದ ತಪ್ಪು.

ಇಷ್ಟೆಲ್ಲ ಅಣುವಿಚಾರದಿಂದ ಬೆಂಚಿನಿಂದ ಬಿದ್ದ ಹುಡುಗನಿಗೇನು ಪ್ರಯೋಜನವೆಂದು ಕೇಳಬಹುದು. ಗಡಿಯಾರವನ್ನೇ ತೆಗೆದುಕೊಳ್ಳಿ. ಸೆಳವು ೫ ನಿಮಿಷಕ್ಕಿಂತ ಹೆಚ್ಚಾದರೆ ತುರ್ತುಚಿಕಿತ್ಸೆ ಬೇಕೆಂದು ವೈದ್ಯರು ಹೇಳುತ್ತಾರೆ. ಐದೇ ನಿಮಿಷವೇಕೆ? ಅಷ್ಟು ಹೊತ್ತಿಗೂ ನಿಲ್ಲದ ಸೆಳವು ತಾನಾಗಿ ನಿಲ್ಲುವ ಸಂಭವ ಕಡಮೆ. ಅದಕ್ಕಿಂತಲೂ ಮುಖ್ಯವಾಗಿ, ಸೆಳವು ಮುಂದುವರಿದಂತೆಲ್ಲ ನರಕೋಶವು ಗಾಬಾದ ಗ್ರಾಹಕಗಳನ್ನು ಪೊರೆಯಿಂದ ಕಿತ್ತು ಒಳಕ್ಕೆಳೆದುಕೊಳ್ಳುತ್ತದೆ. ಸುಮಾರು ಒಂದು ಗಂಟೆ ಎಡೆಬಿಡದೆ ಸೆಳವಿನಲ್ಲಿದ್ದ ಇಲಿಗಳಲ್ಲಿ ಸಂಧಿಸ್ಥಾನದ ಈ ಗ್ರಾಹಕಗಳು ಹೆಚ್ಚುಕಡಮೆ ಅರ್ಧಕ್ಕಿಳಿದಿದ್ದುವೆಂದು ೨೦೦೫ರಲ್ಲಿ ಲೆಕ್ಕಹಾಕಿದರು. ಡಯಾಜಿಪಾಮ್, ಲೊರಾಜಿಪಾಮ್, ಮಿಡಜೋಲಂ ಮೊದಲಾದ ಔಷಧಿಗಳು ಕೆಲಸ ಮಾಡುವುದು ಇದೇ ಗ್ರಾಹಕಗಳ ಮೇಲೆ. ಬಾಗಿಲೇ ಒಳಗೆ ಹೋದಮೇಲೆ ತಟ್ಟುವುದು ಯಾವುದನ್ನು? ತಡವಾದಷ್ಟೂ ಅದೇ ಔಷಧಿಯ ಬಲ ಕುಂದುತ್ತದೆ. ಕೀಲಿಗೊಂಚಲು ಹುಡುಕುತ್ತ ಕಳೆದ ನಿಮಿಷಗಳ ಬೆಲೆ ಹೀಗೆ ಅಣುಗಳ ಲೆಕ್ಕದಲ್ಲಿ ಬೀಳುತ್ತದೆ.

ಆದುದರಿಂದ ಅಂಥ ಹೊತ್ತಿನಲ್ಲಿ ಮಾಡತಕ್ಕದ್ದು ಇಷ್ಟೆ. ಬಿದ್ದವನ ಸುತ್ತಲಿನ ಗಟ್ಟಿಯಾದ, ಚೂಪಾದ ವಸ್ತುಗಳನ್ನು ಸರಿಸಬೇಕು. ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಡಬೇಕು. ಕೊರಳ ಗುಂಡಿ ಸಡಿಲಿಸಿ ಒಂದು ಮಗ್ಗುಲಿಗೆ ತಿರುಗಿಸಬೇಕು. ಬಾಯಿಗೆ ಏನನ್ನೂ ಇಡಕೂಡದು, ನೀರನ್ನೂ ಸಹ. ಕೈಕಾಲುಗಳನ್ನು ಅದುಮಿ ಹಿಡಿಯಕೂಡದು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಇಲ್ಲವೆ ಎಚ್ಚರವಾಗುವ ಮುನ್ನವೇ ಇನ್ನೊಂದು ಸೆಳವು ಬಂದರೆ, ಆಸ್ಪತ್ರೆಗೆ ಒಯ್ಯಬೇಕು.

ಈಗ ಔಷಧಿಗಳ ಮಾತು. ೧೯೧೨ರಲ್ಲಿ ಫೀನೊಬಾರ್ಬಿಟಾಲ್, ೧೯೩೮ರಲ್ಲಿ ಫೆನಿಟಾಯಿನ್ ಬಳಕೆಗೆ ಬಂದುವು. ಅನಂತರ ಇಪ್ಪತ್ತಕ್ಕೂ ಮಿಕ್ಕಿ ಬೇರೆ ಬೇರೆ ಔಷಧಿಗಳು ಬಂದಿವೆ. ಸರಿಯಾಗಿ ಚಿಕಿತ್ಸೆ ದೊರೆತರೆ ನೂರಕ್ಕೆ ೭೦ರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಇವುಗಳನ್ನು 'ಅಪಸ್ಮಾರನಿವಾರಕ' ಎಂದು ಕರೆಯುವುದನ್ನು ನಾವು ಒಪ್ಪಲಾರೆವು. ಇವು ಸೆಳವನ್ನು ತಡೆಯುತ್ತವೆ. ಸೆಳವಿನ ಹಿಂದಿರುವ ಅಭ್ಯಾಸವನ್ನು ಅಳಿಸುವುದಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ ತಲೆಗೆ ತೀವ್ರ ಪೆಟ್ಟುಬಿದ್ದ ೪೦೪ ಜನರಲ್ಲಿ ಕೆಲವರಿಗೆ ಫೆನಿಟಾಯಿನ್ನನ್ನೂ, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆಯನ್ನೂ ಕೊಟ್ಟು ಎರಡು ವರ್ಷ ನೋಡಿದರು. ೧೯೯೦ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ವಾರದಲ್ಲಿ ಔಷಧಿಯಿಲ್ಲದವರಲ್ಲಿ ನೂರಕ್ಕೆ ಸುಮಾರು ೧೪ ಮಂದಿಗೆ ಸೆಳವು ಬಂದಿದ್ದರೆ ಔಷಧಿ ಪಡೆದವರಲ್ಲಿ ೪ ಮಂದಿಗೂ ಕಡಮೆ. ಮೊದಲ ವಾರ ಕಳೆದ ಮೇಲೆ ಔಷಧಿಯಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಸೆಳವನ್ನು ಹಿಡಿದು ನಿಲ್ಲಿಸಿದ ಔಷಧಿ, ಅಪಸ್ಮಾರ ಬೆಳೆಯುವುದನ್ನು ನಿಲ್ಲಿಸಲಿಲ್ಲ. 'ಸೆಳವುತಡೆ' ಎಂದೇ ಕರೆದರೆ ರೋಗಿಗೂ ಸತ್ಯ ತಿಳಿಯುತ್ತದೆ: ಸೆಳವು ನಿಂತಿದೆಯೆಂದು ತಾನೇ ಗುಳಿಗೆ ಬಿಟ್ಟರೆ ಅಭ್ಯಾಸ ಇನ್ನೂ ಒಳಗಿರಬಹುದು, ಒಮ್ಮೆಗೇ ಬಿಟ್ಟರೆ ಪ್ರಾಣಾಪಾಯವೂ ಆದೀತು.

ಹಾಗೆಂದು ಕಲಿಕೆಯ ಉಪಮಾನವನ್ನು ಎಲ್ಲೆ ಮೀರಿ ಎಳೆಯುವುದೂ ತಪ್ಪು. ಒಂದೊಂದು ಸೆಳವೂ ಮುಂದಿನ ಸೆಳವಿಗೆ ದಾರಿ ಮಾಡಿಕೊಡುತ್ತದೆಂದು ಇಂಗ್ಲೆಂಡಿನ ವೈದ್ಯ ಗೋವರ್ಸ್ ೧೮೮೧ರಲ್ಲಿಯೇ ಬರೆದಿದ್ದನು. ಗಾಡ್ಡರ್ಡನ ಇಲಿಗಳು ಅವನ ಪರವಾಗಿ ಸಾಕ್ಷಿ ನುಡಿದಂತಿದೆ. ಮನುಷ್ಯರ ಸಾಕ್ಷ್ಯ ಅಷ್ಟು ನೇರವಾಗಿಲ್ಲ. ಒಂದೋ ಕೆಲವೋ ಸೆಳವುಗಳು ಬಂದಿದ್ದ ೧೪೪೩ ಜನರಲ್ಲಿ ಅರ್ಧದಷ್ಟು ಮಂದಿಗೆ ಕೂಡಲೇ, ಉಳಿದವರಿಗೆ ಅಗತ್ಯ ಕಂಡಾಗ ಚಿಕಿತ್ಸೆ ಕೊಟ್ಟು ಹೋಲಿಸಿದ ಅಧ್ಯಯನ ೨೦೦೫ರಲ್ಲಿ ಹೊರಬಂದಿತು. ಕೂಡಲೇ ಚಿಕಿತ್ಸೆ ಪಡೆದವರಲ್ಲಿ ಮೊದಮೊದಲ ಸೆಳವುಗಳು ಕಡಮೆಯಾದುವು, ನಿಜ. ಆದರೆ ಮೂರರಿಂದ ಐದನೆಯ ವರ್ಷದವರೆಗೆ ಸೆಳವಿಲ್ಲದೆ ಇದ್ದವರು ಒಂದು ಗುಂಪಿನಲ್ಲಿ ನೂರಕ್ಕೆ ೭೬, ಇನ್ನೊಂದರಲ್ಲಿ ೭೭! ಒಂದು ಸೆಳವು ಬಂದ ಮಾತ್ರಕ್ಕೆ ಮಗುವಿನ ಬಾಳು ಮುಗಿಯಿತೆಂದು ಹೆತ್ತವರು ಹೆದರಬೇಕಾದುದಿಲ್ಲ. ಇಲಿಯಲ್ಲಿ ಕಂಡ ನಿಯಮ ಯಾವ ರೋಗಿಗೆ, ಯಾವ ಬಗೆಯ ಅಪಸ್ಮಾರಕ್ಕೆ ಅನ್ವಯಿಸುತ್ತದೆಂಬುದನ್ನು ಬೇರೆಬೇರೆಯಾಗಿಯೇ ತಿಳಿಯಬೇಕು.

ಈ ದೃಷ್ಟಿಯಿಂದ ನಮ್ಮ ನಾಡಿನಲ್ಲಿಯೇ ಒಂದು ವಿಚಿತ್ರ ಉದಾಹರಣೆಯಿದೆ. ಮೈಸೂರು ಸೀಮೆಯ ಜನರಿಗೆ ತಲೆಯ ಮೇಲೆ ಬಿಸಿಬಿಸಿ ನೀರನ್ನು ತಂಬಿಗೆ ತಂಬಿಗೆಯಾಗಿ ಹುಯ್ದುಕೊಳ್ಳದಿದ್ದರೆ ಅಭ್ಯಂಜನ ಮಾಡಿದಂತೆಯೇ ಅಲ್ಲ. ಕೆಲವರಿಗೆ ಹೀಗೆ ನೀರು ಹುಯ್ದುಕೊಳ್ಳುವಾಗಲೇ ಸೆಳವು ಬರುತ್ತದೆ. ಬಿಸಿನೀರಿನ ಅಪಸ್ಮಾರವೆಂದು ಹೆಸರಾದ ಈ ರೋಗವು ದಕ್ಷಿಣ ಕರ್ನಾಟಕದಲ್ಲಿ ಕಂಡುಬಂದಷ್ಟು ಹೆಚ್ಚಾಗಿ ಬೇರೆಡೆ ಕಂಡುಬಂದುದು ವಿರಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ೧೯೮೮ರಲ್ಲಿ ಇಂಥ ೨೭೯ ರೋಗಿಗಳ ವಿವರವನ್ನು ಪ್ರಕಟಿಸಿದರು. ೧೯೯೬ರಲ್ಲಿ ಅವರೂ ಜೊತೆಗಾರರೂ ಇಲಿಗಳಿಗೆ ಮತ್ತೆ ಮತ್ತೆ ಬಿಸಿನೀರಿನ ತಾಪ ಕೊಟ್ಟು ನೋಡಿದಾಗ, ಬರಬರುತ್ತ ಕಡಮೆ ತಾಪಕ್ಕೇ ಸೆಳವು ಬರತೊಡಗಿತು, ಸೆಳವಿನ ಕಾಲವೂ ಹೆಚ್ಚಿತು. ವಿದ್ಯುತ್ತಿನ ಬದಲು ಬಿಸಿಯಿಂದ ನಡೆದ ಹೊತ್ತಿಸುವಿಕೆ ಇದು. ರೋಗಿಗಳಲ್ಲಿಯೂ ಕೆಲವರಿಗೆ ಕಾಲಕ್ರಮದಲ್ಲಿ ಬಿಸಿನೀರಿನ ಪ್ರೇರಣೆಯೇ ಇಲ್ಲದೆ ಸೆಳವು ಬರತೊಡಗುತ್ತದೆ. ನೀರಿನ ಬಿಸಿಯನ್ನು ತಗ್ಗಿಸುವುದು ಅನೇಕರಿಗೆ ಸಾಕಾಗುತ್ತದೆ. ಕೆಲವರಿಗೆ ಸ್ನಾನಕ್ಕೆ ಮುಂಚೆ ವೈದ್ಯರು ಕ್ಲೋಬಜಾಮ್ ಗುಳಿಗೆ ಕೊಡುತ್ತಾರೆ. ಉಗುರುಬೆಚ್ಚಗಿನ ನೀರನ್ನು ಒಪ್ಪಿಸುವುದು ಗುಳಿಗೆಯನ್ನು ನುಂಗಿಸುವುದಕ್ಕಿಂತ ಕಷ್ಟವೆಂಬುದು ನಮ್ಮ ಮನೆಗಳನ್ನು ಬಲ್ಲವರಿಗೆಲ್ಲ ಗೊತ್ತು.

ಹಾಗಾದರೆ ಅಭ್ಯಾಸವನ್ನೇ ಕಟ್ಟಗೊಡದ ಔಷಧಿ ಸಾಧ್ಯವೆ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಮೆಕ್ನಮಾರ ಮತ್ತು ಸಂಗಡಿಗರು, ಹಿಂದೆ ಹೇಳಿದ ಟ್ರ್ಯಾಕ್-ಬಿ ಗ್ರಾಹಕವಿಲ್ಲದ ಸಣ್ಣಿಲಿಗಳಲ್ಲಿ ಹೊತ್ತಿಸುವಿಕೆ ನಡೆಯುವುದೇ ಇಲ್ಲವೆಂದು ೨೦೦೪ರಲ್ಲಿ ತೋರಿಸಿದರು. ೨೦೧೩ರಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋದರು. ವಿಶೇಷ ರಾಸಾಯನಿಕವೊಂದಕ್ಕೆ ಮಾತ್ರ ಟ್ರ್ಯಾಕ್-ಬಿ ಮಣಿಯುವಂತೆ ಮಾರ್ಪಡಿಸಿದ ಸಣ್ಣಿಲಿಗಳಲ್ಲಿ ಮೊದಲು ದೀರ್ಘ ಸೆಳವನ್ನು ಬರಿಸಿದರು; ಅದಾದ ನಂತರ ಕೇವಲ ಎರಡು ವಾರ ಆ ಗ್ರಾಹಕವನ್ನು ತಡೆದು ಬಿಟ್ಟುಬಿಟ್ಟರು. ವಾರಗಳು ಕಳೆದ ಮೇಲೆ ನೋಡಿದರೆ ಅವುಗಳಲ್ಲಿ ಬಹುತೇಕ ಅಪಸ್ಮಾರದಿಂದ ಪಾರಾಗಿದ್ದುವು. ಎರಡೇ ವಾರ ಎಂಬುದರಲ್ಲಿಯೇ ಇದರ ಸ್ವಾರಸ್ಯವಿದೆ. ಕಲಿಕೆಗೆ ಬೇಕಾದ ಅಣುವನ್ನು ಬಾಳುದ್ದಕ್ಕೂ ತಡೆಯುವುದು ಯಾರಿಗೂ ಬೇಡ. ಮೊಲೈಸನ್ನನ ಗತಿ ನೆನಪಿರಲಿ. ಪೆಟ್ಟುಬಿದ್ದ ಕೆಲವು ದಿನಗಳ ಕಾಲ, ಮಿದುಳು ಕೆಟ್ಟ ಪಾಠ ಕಲಿಯುವ ಹೊತ್ತಿನಲ್ಲಿ ಮಾತ್ರ, ತಡೆದರೆ ಸಾಕು. ಇದು ಇನ್ನೂ ಮನುಷ್ಯರ ಔಷಧಿಯಾಗಿಲ್ಲ.

ಆ ಹೊತ್ತು ಯಾವುದೆಂದು ತಿಳಿಯುವುದೇ ಕಷ್ಟ. ಈ ವಿಷಯದಲ್ಲಿ ನಮ್ಮ ದೇಶದ ಆಸ್ಪತ್ರೆಗಳು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದವರು, ಹೆರಿಗೆಯಲ್ಲಿ ಉಸಿರುಕಟ್ಟಿದ ಶಿಶುಗಳು, ಮಿದುಳುಜ್ವರದಿಂದ ಬದುಕುಳಿದವರು — ಇವರೆಲ್ಲರಲ್ಲಿ ಮಿದುಳಿಗೆ ಪೆಟ್ಟುಬಿದ್ದ ದಿನಾಂಕ ಆಸ್ಪತ್ರೆಯ ಪುಸ್ತಕದಲ್ಲಿ ಬರೆದಿರುತ್ತದೆ. ಹಂದಿಯ ಲಾಡಿಹುಳುವಿನ ಮರಿ ಮಿದುಳನ್ನು ಹೊಕ್ಕವರಲ್ಲಿ ಆ ದಿನ ಗೊತ್ತಾಗದಿದ್ದರೂ, ಚಿತ್ರದಲ್ಲಿ ಗಂಟು ಕಂಡ ದಿನವಾದರೂ ಗೊತ್ತಿರುತ್ತದೆ. ಇಂಥವರನ್ನು ಗಾಯ ವಾಸಿಯಾಯಿತೆಂದು ಮನೆಗೆ ಕಳುಹಿಸಿ ಮರೆಯುವುದರ ಬದಲು ಕ್ರಮವಾಗಿ ಮತ್ತೆ ಮತ್ತೆ ಕರೆದು, ರಕ್ತವನ್ನೂ ಮಿದುಳಿನ ವಿದ್ಯುತ್ ರೇಖೆಗಳನ್ನೂ ಪರೀಕ್ಷಿಸಿ ಇಡಬೇಕೆಂದು ನಮ್ಮ ಅಭಿಪ್ರಾಯ. ಇದಕ್ಕೆ ಬೇಕಾದದ್ದು ಭಾರಿ ಯಂತ್ರಗಳಿಗಿಂತ ಹೆಚ್ಚಾಗಿ ಒಂದು ಒಳ್ಳೆಯ ದಾಖಲೆ ಪುಸ್ತಕ ಮತ್ತು ತಾಳ್ಮೆ. ತಲೆಗೆ ಪೆಟ್ಟುಬಿದ್ದವನಿಗೆ ಮೊದಲ ಸೆಳವು ತಿಂಗಳುಗಳ ಮೇಲೆ ಬರಬಹುದು, ವರ್ಷಗಳ ಮೇಲೂ ಬರಬಹುದು. ಸಣ್ಣಿಲಿಯ ಎರಡು ವಾರ ಮನುಷ್ಯನಲ್ಲಿ ಎಷ್ಟು ಕಾಲಕ್ಕೆ ಸಮವೆಂಬುದನ್ನು ಅಳೆಯಲು, ಅಷ್ಟು ವರ್ಷ ಅವನ ಜೊತೆಯಲ್ಲಿಯೇ ಕಾಯದೆ ಬೇರೆ ದಾರಿಯಿಲ್ಲ.